ಮೀನಿಗೆ ಹುಷಾರಿಲ್ಲವೋ, ನೀರಿಗೋ? ಮನೆಯ ಅಕ್ವೇರಿಯಂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೀನಿಗೆ ಹುಷಾರಿಲ್ಲ ಅಂತ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರ ಕೈಯಲ್ಲಿ ಆಗಲೇ ಒಂದು ಔಷಧಿ ಬಾಟಲಿ ಇರುತ್ತದೆ. ನೀರು ಪರೀಕ್ಷೆ ಮಾಡಿದಿರಾ ಅಂದರೆ, ಇಲ್ಲ. ಅದಕ್ಕೇ ಈ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿದ್ದೇನೆ. ಇಲ್ಲಿರುವುದೆಲ್ಲ ಸಿಹಿನೀರಿನ ಟ್ಯಾಂಕಿಗೆ ಸಂಬಂಧಿಸಿದ್ದು. ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ಮೊದಲ ನಾಲ್ಕೈದು ಉತ್ತರಗಳನ್ನಾದರೂ ಓದಿ.

ಮೀನು ಮಂಕಾಗಿದೆ, ತಿನ್ನುತ್ತಿಲ್ಲ. ಯಾವ ಔಷಧಿ ಹಾಕಲಿ?

ಸದ್ಯಕ್ಕೆ ಯಾವುದೂ ಬೇಡ. ಒಂದು ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ 10 ನಿಮಿಷ ಕೂತುಕೊಳ್ಳಿ. ನೀವು ಹತ್ತಿರ ಹೋದ ಕೂಡಲೇ ಮೀನುಗಳು ಊಟ ಬಂತು ಅಂತ ಚುರುಕಾಗುತ್ತವೆ. ಅಲುಗಾಡದೆ ಸ್ವಲ್ಪ ಹೊತ್ತು ಕೂತ ಮೇಲೆಯೇ ಅವುಗಳ ನಿಜವಾದ ಸ್ಥಿತಿ ಕಾಣುವುದು.

ಮೊದಲು ನೋಡಬೇಕಾದದ್ದು, ತೊಂದರೆ ಎಷ್ಟು ಮೀನಿಗೆ ಅಂತ. ಬೇರೆ ಬೇರೆ ಜಾತಿಯ ಮೀನುಗಳೆಲ್ಲ ಒಂದೇ ದಿನ ಒಂದೇ ಥರ ಒದ್ದಾಡುತ್ತಿದ್ದರೆ ಹೆಚ್ಚಾಗಿ ಅದು ನೀರಿನ ದೋಷ. ಒಂದರಲ್ಲಿ ಶುರುವಾಗಿ ಮೂರ್ನಾಲ್ಕು ದಿನದಲ್ಲಿ ಇನ್ನೊಂದಕ್ಕೆ ಹಬ್ಬಿದರೆ ಅಂಟುರೋಗದ ಅನುಮಾನ ಪಡಬೇಕು. ತಿಂಗಳುಗಟ್ಟಲೆ ಒಂದೇ ಮೀನು ಸೊರಗುತ್ತಾ ಬಂದರೆ ಹೊಟ್ಟೆಯ ಹುಳು ಇರಬಹುದು, ವಯಸ್ಸಾಗಿರಬಹುದು, ಇಲ್ಲವೇ ಇನ್ನೊಂದು ಮೀನು ಅದನ್ನು ಅಟ್ಟಾಡಿಸುತ್ತಿರಬಹುದು.

ಆಮೇಲೆ, ಹಿಂದಿನ ಒಂದು ವಾರದಲ್ಲಿ ಏನು ಬದಲಾಯಿತು ಅಂತ ನೆನಪು ಮಾಡಿಕೊಳ್ಳಿ. ಹೊಸ ಮೀನು ಬಂತಾ? ಫಿಲ್ಟರ್ ತೊಳೆದಿರಾ? ಕೋಣೆಯಲ್ಲಿ ಸೊಳ್ಳೆ ಸ್ಪ್ರೇ ಹೊಡೆದಿರಾ? ಆ ಸ್ಪ್ರೇಯಲ್ಲಿರುವ ಕೀಟನಾಶಕ ಮೀನಿಗೆ ಕಡು ವಿಷ, ಮತ್ತು ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಇದ್ಯಾವುದನ್ನೂ ನೋಡದೆ ಔಷಧಿ ಸುರಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗುತ್ತದೆ.

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಈಗಲೇ ಏನು ಮಾಡಬೇಕು?

ಇದು ತುರ್ತು. ಏರ್ ಪಂಪ್ ಹಚ್ಚಿ. ಫಿಲ್ಟರಿನ ನೀರು ಮೇಲಿನಿಂದ ಬೀಳುವ ಹಾಗೆ ಮಾಡಿ, ನೀರಿನ ಮೇಲ್ಮೈ ಚೆನ್ನಾಗಿ ಕದಡಬೇಕು. ಕ್ಲೋರಿನ್ ತೆಗೆದ, ಅಷ್ಟೇ ಬಿಸುಪಿನ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ. ಊಟ ಹಾಕಬೇಡಿ. ಕಾರಣ ಯಾವುದೇ ಇರಲಿ, ಇಷ್ಟು ಮಾಡಿದರೆ ಮೀನಿಗೆ ಉಸಿರಾಡಲು ಅನುಕೂಲ. ಆದರೆ ನೀರು ಬದಲಿಸುವ ಮುಂಚೆ ಒಂದು ಲೋಟ ಹಳೇ ನೀರು ಎತ್ತಿಡಿ, ಪರೀಕ್ಷೆಗೆ ಬೇಕು. ತಿಂಗಳುಗಟ್ಟಲೆ ನೀರು ಬದಲಿಸದ ಹಳೇ ಟ್ಯಾಂಕ್ ಆಗಿದ್ದರೆ ಒಂದೇ ಸಲ ಅಷ್ಟು ಬದಲಿಸಬೇಡಿ. ಯಾಕೆ ಅಂತ ಮುಂದೆ ಹೇಳಿದ್ದೇನೆ.

ಬೆಳಗ್ಗೆ ಮಾತ್ರ ಹೀಗಾಗಿ ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಗಿಡಗಳು ಹಗಲು ಆಮ್ಲಜನಕ ಕೊಡುತ್ತವೆ ನಿಜ, ಆದರೆ ರಾತ್ರಿ ಅವೂ ಅದನ್ನೇ ಉಸಿರಾಡುತ್ತವೆ. ಸೆಕೆ ಹೆಚ್ಚಿದಾಗಲೂ ಹೀಗೆಯೇ. 25 ಡಿಗ್ರಿ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಗೆ ಅದು 7.5ರ ಹತ್ತಿರಕ್ಕೆ ಇಳಿಯುತ್ತದೆ. ಮೀನಿಗೆ ಮಾತ್ರ ಆ ಬಿಸಿಯಲ್ಲಿ ಇನ್ನೂ ಜಾಸ್ತಿ ಬೇಕು.

ಇಡೀ ದಿನ ಹೀಗೇ ಇದ್ದರೆ, ಮೀನಿನ ಹೊಲಸಿನಿಂದ ನೀರಿನಲ್ಲಿ ಸೇರುವ ಅಮೋನಿಯಾ ಅಥವಾ ನೈಟ್ರೈಟ್ ಎಷ್ಟಿದೆ ಅಂತ ಪರೀಕ್ಷಿಸಿ ನೋಡಿ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ಕೆಂಪಗೆ ಇರಬೇಕಾದ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಎಷ್ಟೇ ಗಾಳಿ ಇದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ.

ಯಾವ ಯಾವ ಪರೀಕ್ಷೆ ಮಾಡಬೇಕು? ಎಷ್ಟಿದ್ದರೆ ಸರಿ?

ಅಮೋನಿಯಾ 0. ನೈಟ್ರೈಟ್ 0. ನೈಟ್ರೇಟ್ 40 ಪಿಪಿಎಂ, ಅಂದರೆ ಲೀಟರಿಗೆ 40 ಮಿಲಿಗ್ರಾಂ ದಾಟಬಾರದು, 20ರ ಒಳಗಿದ್ದರೆ ಒಳ್ಳೆಯದು. ಪಿಎಚ್ (ನೀರಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಎಷ್ಟಿದೆ ಅನ್ನುವುದಕ್ಕಿಂತ ಅದು ಒಂದೇ ಮಟ್ಟದಲ್ಲಿ ನಿಂತಿದೆಯಾ ಅನ್ನುವುದು ಮುಖ್ಯ. ಇದರ ಜೊತೆಗೆ ಕೆಎಚ್, ಅಂದರೆ ಪಿಎಚ್ ಕುಸಿಯದ ಹಾಗೆ ಹಿಡಿದು ನಿಲ್ಲಿಸುವ ಕಾರ್ಬೊನೇಟ್ ಗಡಸುತನ.

ಪಟ್ಟಿ ಅದ್ದಿ ನೋಡುವ ಕಿಟ್‌ಗಿಂತ ಹನಿ ಹಾಕುವ ಕಿಟ್ ಮೇಲು. ಗಾಜಿನ ನಳಿಕೆಯಲ್ಲಿ ಗೆರೆಯ ತನಕ ನೀರು ತುಂಬಿ, ಬಾಟಲಿಯನ್ನು ನೆಟ್ಟಗೆ ತಲೆಕೆಳಗೆ ಹಿಡಿದು ಹನಿ ಎಣಿಸಿ. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ನೈಟ್ರೇಟ್ ಕಿಟ್‌ಗಳಲ್ಲಿ ಒಂದು ಬಾಟಲಿಯ ಮದ್ದು ತಳಕ್ಕೆ ಕೂರುತ್ತದೆ. ಅದನ್ನು ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ 80 ಇರುವ ಕಡೆ 10 ತೋರಿಸಿಬಿಡುತ್ತದೆ. ಹೇಳಿದಷ್ಟು ನಿಮಿಷ ಕಾದು, ಬಿಳಿ ಹಾಳೆಯ ಮುಂದೆ, ಹಗಲು ಬೆಳಕಿನಲ್ಲಿ ಬಣ್ಣ ಹೋಲಿಸಿ. ನಿಮ್ಮ ನಲ್ಲಿ ನೀರನ್ನೂ ಒಮ್ಮೆ ಹೀಗೆಯೇ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ.

ಬೇರೆಯವರು ನಿಮ್ಮ ನೀರು ನೋಡಿ "ಚೆನ್ನಾಗಿದೆ" ಅಂದರೆ ಅಷ್ಟಕ್ಕೇ ಬಿಡಬೇಡಿ. ಎಷ್ಟಿದೆ ಅಂತ ಅಂಕಿ ಕೇಳಿ.

ನೀರು ಕನ್ನಡಿಯಂತೆ ತಿಳಿಯಾಗಿದೆ. ಆದರೂ ಮೀನು ಸಾಯುತ್ತಿವೆ, ಯಾಕೆ?

ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನಿಗೆ ಸುಡುವ ಮಟ್ಟದಲ್ಲಿದ್ದರೂ ನಮ್ಮ ಮೂಗಿಗೆ ವಾಸನೆ ಗೊತ್ತಾಗುವುದಿಲ್ಲ. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತಲೇ ಇರುತ್ತದೆ. ಉಳಿದ ಊಟ ಕೊಳೆತರೂ ಅದೇ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ನೀರು ಬದಲಿಸಿ ತೆಗೆಯಬಹುದು.

ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಅವು ಬೆಳೆದು ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟ್ಯಾಂಕ್ ತಂದ ಮರುದಿನವೇ ಹತ್ತು ಮೀನು ಬಿಟ್ಟು, ಎರಡನೇ ವಾರದಲ್ಲಿ ಒಂದೊಂದೇ ಸಾಯುವುದು ಇದೇ ಕಾರಣಕ್ಕೆ. ಆ ಮನೆಯ ಮಕ್ಕಳ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಇದನ್ನು ಪೂರ್ತಿ ತಪ್ಪಿಸಬಹುದಿತ್ತು.

ಈಗಾಗಲೇ ಮೀನು ಬಿಟ್ಟಾಗಿದ್ದರೆ ಊಟ ತುಂಬಾ ಕಡಿಮೆ ಮಾಡಿ, ದಿನಾ ಪರೀಕ್ಷಿಸಿ, ನೀರು ಬದಲಿಸುತ್ತಾ ಹೋಗಿ. ಲೆಕ್ಕ ಸುಲಭ: ಅಮೋನಿಯಾ 2 ಇದ್ದು ಅರ್ಧ ನೀರು ಬದಲಿಸಿದರೆ 1 ಆಗುತ್ತದೆ, ಮತ್ತೊಮ್ಮೆ ಅರ್ಧ ಬದಲಿಸಿದರೆ 0.5. ನೈಟ್ರೈಟ್ ಕಂಡರೆ ಲೀಟರಿಗೆ 1 ಗ್ರಾಂ ಉಪ್ಪು ಸಹಾಯ ಮಾಡುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಪರಿಚಯದವರ ಆರೋಗ್ಯವಾದ ಟ್ಯಾಂಕಿನಿಂದ ಬಳಸಿದ ಫಿಲ್ಟರ್ ಸ್ಪಾಂಜಿನ ಒಂದು ತುಂಡು ಸಿಕ್ಕರೆ ಬಿಡಬೇಡಿ. ಅದರಷ್ಟು ಬೇಗ ಟ್ಯಾಂಕನ್ನು ದಾರಿಗೆ ತರುವುದು ಇನ್ನೊಂದಿಲ್ಲ.

ನನ್ನ ಟ್ಯಾಂಕಿನಲ್ಲೂ ಗೆಳೆಯನ ಟ್ಯಾಂಕಿನಲ್ಲೂ ಅಮೋನಿಯಾ 1. ಅವನ ಮೀನು ಆರಾಮ, ನನ್ನದು ಸಾಯುತ್ತಿದೆ. ಹೇಗೆ?

ಇಬ್ಬರದ್ದೂ ಪಿಎಚ್ ನೋಡಿ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಒಂದು ಪಾಲು ಮಾತ್ರ ನಿಜವಾದ ವಿಷ, ಉಳಿದದ್ದು ಅಮೋನಿಯಂ, ಅಷ್ಟು ಕೆಟ್ಟದ್ದಲ್ಲ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರರಲ್ಲಿ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ನೂರರಲ್ಲಿ 5ರಷ್ಟು. ನೀರು ಬಿಸಿಯಾದರೂ ಈ ಪಾಲು ಏರುತ್ತದೆ.

ವರ್ಷಗಟ್ಟಲೆ ಚೆನ್ನಾಗಿದ್ದ ಟ್ಯಾಂಕ್. ಪೂರ್ತಿ ಸ್ವಚ್ಛ ಮಾಡಿ ನೀರು ಬದಲಿಸಿದ ದಿನವೇ ಮೀನು ಸತ್ತವು. ಹೊಸ ನೀರೇ ಕೆಟ್ಟದ್ದಾ?

ಹಿಂದಿನ ಉತ್ತರ ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ಮುರಿಯುವಾಗ ಕೆಎಚ್ ಖರ್ಚಾಗುತ್ತದೆ. ನೀರು ಬದಲಿಸದೆ ಬರೀ ಆರಿದಷ್ಟು ತುಂಬಿಸುತ್ತಾ ಹೋದರೆ ಒಂದು ದಿನ ಕೆಎಚ್ ಮುಗಿದು ಪಿಎಚ್ 6ಕ್ಕೆ, ಅದಕ್ಕಿಂತ ಕೆಳಗೆ ಕುಸಿಯುತ್ತದೆ. ಅಷ್ಟು ಹುಳಿ ನೀರಿನಲ್ಲಿ ಬ್ಯಾಕ್ಟೀರಿಯಾದ ಕೆಲಸವೂ ಹೆಚ್ಚುಕಮ್ಮಿ ನಿಲ್ಲುತ್ತದೆ. ಅಮೋನಿಯಾ ಸೇರುತ್ತಾ ಹೋಗುತ್ತದೆ, ಆದರೆ ಪಿಎಚ್ ಕಡಿಮೆ ಇರುವುದರಿಂದ ಅದೆಲ್ಲ ಅಮೋನಿಯಂ ರೂಪದಲ್ಲಿ ಸುಮ್ನೆ ಕೂತಿರುತ್ತದೆ. ಮೀನು ಹೇಗೋ ಹೊಂದಿಕೊಂಡಿರುತ್ತದೆ. ಆಗ ನೀವು ಪಿಎಚ್ 7.8 ಇರುವ ಹೊಸ ನೀರನ್ನು ಒಂದೇ ಸಲ ತುಂಬಿದಿರಿ. ಪಿಎಚ್ ಏರಿತು, ಕೂತಿದ್ದ ಅಮೋನಿಯಂ ವಿಷವಾಗಿ ತಿರುಗಿತು.

ಹೊಸ ನೀರಿನ ತಪ್ಪಲ್ಲ. ಇಂಥ ಟ್ಯಾಂಕಿನಲ್ಲಿ ದಿನಕ್ಕೆ ಹತ್ತನೇ ಒಂದು ಭಾಗದಂತೆ ಒಂದೆರಡು ವಾರ ಬದಲಿಸಿ, ಮೆಲ್ಲಗೆ ದಾರಿಗೆ ತರಬೇಕು.

ಇನ್ನೊಂದು ಕಾರಣ ನಲ್ಲಿ ನೀರಿನಲ್ಲಿರುವ ಕ್ಲೋರಿನ್.

ನಲ್ಲಿ ನೀರನ್ನು ಒಂದು ದಿನ ಇಟ್ಟು ಹಾಕಿದರೆ ಸಾಲದಾ?

ಬರೀ ಕ್ಲೋರಿನ್ ಇದ್ದರೆ, ಅಗಲ ಬಾಯಿಯ ಪಾತ್ರೆಯಲ್ಲಿ ಏರ್ ಸ್ಟೋನ್ ಹಾಕಿ 24 ಗಂಟೆ ಇಟ್ಟರೆ ಸಾಕು. ಆದರೆ ಕೆಲವು ಕಡೆ ನೀರಿಗೆ ಕ್ಲೋರಮೈನ್ ಸೇರಿಸುತ್ತಾರೆ. ಅದು ಹಾಗೆ ಹಾರಿಹೋಗುವುದಿಲ್ಲ. ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣ ಎರಡರಿಂದಲೂ ಕ್ಲೋರಿನ್ ತೆಗೆಯುತ್ತದೆ, ಆದರೆ ಕ್ಲೋರಮೈನಿನಲ್ಲಿದ್ದ ಅಮೋನಿಯಾ ಅಲ್ಲೇ ಉಳಿಯುತ್ತದೆ. ನಿಮ್ಮ ಕಡೆ ಕ್ಲೋರಮೈನ್ ಇದ್ದರೆ ಅಮೋನಿಯಾವನ್ನೂ ಹಿಡಿದಿಡುವ ದ್ರಾವಣವನ್ನೇ ಕೊಳ್ಳಿ.

ಫಿಲ್ಟರ್ ತೊಳೆದ ಮೇಲೆ ಎಲ್ಲ ಕೆಟ್ಟಿತು. ಸ್ವಚ್ಛ ಮಾಡಿದ್ದೇ ತಪ್ಪಾ?

ತೊಳೆದದ್ದು ತಪ್ಪಲ್ಲ, ನಲ್ಲಿಯ ಕೆಳಗೆ ತೊಳೆದದ್ದು ತಪ್ಪು. ನಾನೂ ಮೊದಲ ವರ್ಷ ಹೀಗೇ ಮಾಡಿದ್ದೆ. ಸ್ಪಾಂಜ್ ಬಿಳಿಯಾಗುವ ತನಕ ನಲ್ಲಿ ನೀರಿನಲ್ಲಿ ಹಿಂಡಿದೆ, ಒಳಗಿನ ಸೆರಾಮಿಕ್ ಉಂಗುರಗಳನ್ನು ಬಿಸಿಲಿಗೆ ಒಣಗಿಸಿದೆ. ನಾಲ್ಕನೇ ದಿನ ಅಮೋನಿಯಾ ಏರಿತು, ಎರಡು ಏಂಜೆಲ್ ಮೀನು ಹೋದವು. ಆ ಕಂದು ಲೋಳೆಯನ್ನು ನಾನು ಕೊಳೆ ಅಂದುಕೊಂಡಿದ್ದೆ. ಟ್ಯಾಂಕನ್ನು ಉಳಿಸುತ್ತಿದ್ದ ಬ್ಯಾಕ್ಟೀರಿಯಾ ಇದ್ದದ್ದೇ ಅದರಲ್ಲಿ.

ಟ್ಯಾಂಕಿನಿಂದ ತೆಗೆದ ಹಳೇ ನೀರನ್ನೇ ಒಂದು ಬಕೆಟ್‌ನಲ್ಲಿ ಹಿಡಿದು, ಸ್ಪಾಂಜನ್ನು ಅದರಲ್ಲಿ ಎರಡು ಮೂರು ಸಲ ಹಿಂಡಿದರೆ ಸಾಕು. ನೀರು ಸರಾಗವಾಗಿ ಹಾದುಹೋದರೆ ಆಯಿತು, ಬೆಳ್ಳಗಾಗಬೇಕಿಲ್ಲ. ಕರೆಂಟ್ ಹೋಗಿ ಮುಚ್ಚಿದ ಡಬ್ಬಿಯ ಫಿಲ್ಟರ್ ತುಂಬಾ ಗಂಟೆ ನಿಂತಿದ್ದರೆ, ಒಳಗಿನ ನೀರು ಚೆಲ್ಲಿ, ಸ್ಪಾಂಜನ್ನು ಟ್ಯಾಂಕ್ ನೀರಿನಲ್ಲಿ ಜಾಲಿಸಿದ ಮೇಲೆಯೇ ಮತ್ತೆ ಹಚ್ಚಿ.

ಮೈಮೇಲೆ ಬಿಳಿ ಚುಕ್ಕೆಗಳಿವೆ. ಇದು ಇಚ್ ರೋಗವೇ?

ಉಪ್ಪಿನ ಹರಳು ಉದುರಿಸಿದ ಹಾಗೆ, ಎಲ್ಲ ಒಂದೇ ಗಾತ್ರದ ಚುಕ್ಕೆಗಳು ಮೈಮೇಲೆ, ರೆಕ್ಕೆಯ ಮೇಲೆ ಇದ್ದು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಬಹುಶಃ ಹೌದು. ಇಕ್ತಿಯೋಫ್ತಿರಿಯಸ್ ಅನ್ನುವ ಒಂದೇ ಕೋಶದ ಪರೋಪಜೀವಿ ಇದಕ್ಕೆ ಕಾರಣ.

ಆದರೆ ಗೋಲ್ಡ್‌ಫಿಷ್ ಆಗಿದ್ದರೆ ಸ್ವಲ್ಪ ತಡೆಯಿರಿ. ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಪಕ್ಕದ ರೆಕ್ಕೆಯ ಮುಂಭಾಗದ ಗಟ್ಟಿ ಮುಳ್ಳಿನ ಮೇಲೆ ಮಾತ್ರ, ಸಾಲಾಗಿ ಪೋಣಿಸಿದ ಹಾಗಿದ್ದರೆ, ಅದು ರೋಗವಲ್ಲ. ಗಂಡು ಮೀನು ಬೆದೆಗೆ ಬಂದ ಗುರುತು. ಮೀನು ಚುರುಕಾಗಿ ಹೆಣ್ಣಿನ ಹಿಂದೆ ಓಡುತ್ತಿರುತ್ತದೆ, ಚೆನ್ನಾಗಿ ತಿನ್ನುತ್ತದೆ. ಇದನ್ನೇ ಇಚ್ ಅಂದುಕೊಂಡು ಆರೋಗ್ಯವಾದ ಮೀನಿಗೆ ಎರಡು ವಾರ ಔಷಧಿ ಹಾಕಿದವರನ್ನು ನೋಡಿದ್ದೇನೆ.

ಇಚ್ ಅಂತ ಖಾತ್ರಿಯಾದರೆ ಒಂದು ವಿಷಯ ತಿಳಿದಿರಲೇಬೇಕು. ನಿಮಗೆ ಕಾಣುವ ಚುಕ್ಕೆಯ ಒಳಗಿರುವ ಜೀವಿಗೆ ಔಷಧಿ ತಟ್ಟುವುದಿಲ್ಲ, ಮೀನಿನ ಚರ್ಮವೇ ಅದಕ್ಕೆ ಹೊದಿಕೆ. ಬಲಿತ ಮೇಲೆ ಅದು ಕಳಚಿ ತಳಕ್ಕೆ ಬಿದ್ದು, ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಮೀನನ್ನು ಹುಡುಕಿ ಈಜುವ ಹೊತ್ತಿನಲ್ಲಿ ಮಾತ್ರ ಔಷಧಿ ಅವನ್ನು ಕೊಲ್ಲುತ್ತದೆ. ಹಾಗಾಗಿ ಮೂರನೇ ದಿನ ಚುಕ್ಕೆ ಹೋಯಿತು ಅಂತ ನಿಲ್ಲಿಸಿದರೆ ಮುಂದಿನ ವಾರ ಹತ್ತು ಪಟ್ಟು ಆಗಿ ಬರುತ್ತದೆ. ನೀರಿನ ಬಿಸಿಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28-30ಕ್ಕೆ ಏರಿಸಿದರೆ ಈ ಚಕ್ರ ಬೇಗ ತಿರುಗುತ್ತದೆ, ಔಷಧಿಗೆ ಬೇಗ ಸಿಗುತ್ತದೆ. ಜೊತೆಗೆ ಏರ್ ಪಂಪ್ ಬೇಕೇ ಬೇಕು. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಚಿಕಿತ್ಸೆ ಮುಂದುವರಿಸಿ. ಮ್ಯಾಲಕೈಟ್ ಗ್ರೀನ್ ಇರುವ ಔಷಧಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಚುಕ್ಕೆಯಲ್ಲ, ಚಿನ್ನದ ಪುಡಿ ಬಳಿದ ಹಾಗೆ ಕಾಣುತ್ತಿದೆ.

ಕೋಣೆ ಕತ್ತಲು ಮಾಡಿ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಹೊಂಬಣ್ಣದ ಧೂಳು ಮಿನುಗಿದರೆ ಅದು ವೆಲ್ವೆಟ್. ಇಚ್‌ಗಿಂತ ಬೇಗ ಕೊಲ್ಲುತ್ತದೆ. ಈ ಪರೋಪಜೀವಿ ಬೆಳಕನ್ನೂ ಬಳಸಿಕೊಳ್ಳುವುದರಿಂದ ಟ್ಯಾಂಕಿಗೆ ಬಟ್ಟೆ ಹೊದಿಸಿ ಕತ್ತಲು ಮಾಡಿ, ತಾಮ್ರ ಇರುವ ಔಷಧಿ ಕೊಡಿ. ಸೀಗಡಿ, ಬಸವನಹುಳು ಇದ್ದರೆ ಮೀನನ್ನು ಬೇರೆ ಟ್ಯಾಂಕಿಗೆ ಸಾಗಿಸಿ ಅಲ್ಲೇ ಚಿಕಿತ್ಸೆ ಮಾಡಿ. ತಾಮ್ರ ಅವುಗಳನ್ನು ಕೊಲ್ಲುತ್ತದೆ.

ಬಾಯಿಯ ಸುತ್ತ ಹತ್ತಿಯಂಥದ್ದು ಬೆಳೆದಿದೆ. ಬೂಷ್ಟಾ?

ನಿಜವಾದ ಬೂಷ್ಟು ಗಾಯವಾದ ಜಾಗದಲ್ಲಿ, ಸತ್ತ ಚರ್ಮದ ಮೇಲೆ ಬರುತ್ತದೆ. ಎಳೆಗಳು ಉದ್ದ, ನೀರಿನಲ್ಲಿ ತೂಗಾಡುತ್ತವೆ. ನಿಧಾನವಾಗಿ ಬೆಳೆಯುತ್ತದೆ.

ಬಾಯಿಯ ಸುತ್ತ ಮೋಟಾದ, ಬೂದುಬಿಳಿ ಅಂಚು, ಅಥವಾ ಬೆನ್ನಿನ ಮೇಲೆ ಜೀನು ಹಾಕಿದ ಹಾಗೆ ಮಾಸಲು ಪಟ್ಟೆ ಕಂಡರೆ ಅದು ಹೆಚ್ಚಾಗಿ ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ರೋಗ. ಬೂಷ್ಟಿನ ಔಷಧಿ ಇದಕ್ಕೆ ನಾಟುವುದಿಲ್ಲ. ಬಿಸಿ ನೀರಿನಲ್ಲಿ ಇದು ಇನ್ನೂ ಜೋರಾಗುತ್ತದೆ, ಹಾಗಾಗಿ ಇಚ್‌ಗೆ ಮಾಡಿದ ಹಾಗೆ ಹೀಟರ್ ಏರಿಸಿದರೆ ಒಂದೆರಡು ದಿನದಲ್ಲಿ ಮೀನನ್ನು ಕಳೆದುಕೊಳ್ಳುತ್ತೀರಿ. ಮೀನನ್ನು ಬೇರೆ ಮಾಡಿ, ಬಿಸಿಯನ್ನು ಆ ಜಾತಿಗೆ ಒಗ್ಗುವಷ್ಟು ಇಳಿಸಿ, ಮೀನು ನೋಡುವ ಪಶುವೈದ್ಯರನ್ನು ಕೇಳಿ ಆಂಟಿಬಯಾಟಿಕ್ ಕೊಡಿ.

ರೆಕ್ಕೆ ಹರಿದಿದೆ. ಕೊಳೆಯುತ್ತಿದೆಯಾ, ಇನ್ನೊಂದು ಮೀನು ಕಚ್ಚಿದೆಯಾ?

ಅಂಚು ನೋಡಿ. ಕಚ್ಚಿದ್ದರೆ ಚಂದ್ರಾಕಾರದಲ್ಲಿ ತುಂಡಾಗಿರುತ್ತದೆ, ಅಂಚು ಶುಭ್ರವಾಗಿರುತ್ತದೆ. ಕೊಳೆಯುತ್ತಿದ್ದರೆ ಅಂಚು ಬಿಳಿಯಾಗಿ ಅಥವಾ ಕೆಂಪಾಗಿ, ನೂಲು ನೂಲಾಗಿ, ದಿನೇದಿನೇ ಒಳಗೆ ಸರಿಯುತ್ತದೆ. ಶುರುವಿನಲ್ಲೇ ಕಂಡರೆ ಎರಡಕ್ಕೂ ಒಳ್ಳೆಯ ನೀರೇ ಅರ್ಧ ಮದ್ದು.

ಮೈ ಉಬ್ಬಿ ಹುರುಪೆಗಳೆಲ್ಲ ಎದ್ದು ನಿಂತಿವೆ.

ಇದನ್ನು ಡ್ರಾಪ್ಸಿ ಅನ್ನುತ್ತಾರೆ. ಇದು ಒಂದು ರೋಗದ ಹೆಸರಲ್ಲ. ಮೂತ್ರಪಿಂಡ ಸೋತು, ಮೈಯೊಳಗೆ ನೀರು ತುಂಬಿದ ಲಕ್ಷಣ. ಈ ಹಂತಕ್ಕೆ ಬಂದ ಮೀನು ಉಳಿಯುವುದು ಅಪರೂಪ, ಸುಳ್ಳು ಭರವಸೆ ಕೊಡಲಾರೆ. ಬೇರೆ ಮಾಡಿ, ಉಳಿದ ಮೀನುಗಳಿಗೋಸ್ಕರ ನೀರು ಪರೀಕ್ಷಿಸಿ.

ಗೋಲ್ಡ್‌ಫಿಷ್ ತಲೆಕೆಳಗಾಗಿ ತೇಲುತ್ತಿದೆ.

ಉರುಟು ಮೈಯ ಗೋಲ್ಡ್‌ಫಿಷ್‌ಗಳಲ್ಲಿ ಇದು ಜಾಸ್ತಿ. ಅವುಗಳ ಒಳಗಿನ ಅಂಗಗಳಿಗೆ ಜಾಗವೇ ಕಡಿಮೆ, ಮಲಬದ್ಧತೆಯಾದರೂ ಗಾಳಿಚೀಲದ ಮೇಲೆ ಒತ್ತಡ ಬೀಳುತ್ತದೆ. ಎರಡು ಮೂರು ದಿನ ಉಪವಾಸ ಹಾಕಿ. ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರು ಕೊಡಿ. ತೇಲುವ ಊಟದ ಬದಲು ಮುಳುಗುವ ಊಟಕ್ಕೆ ಬದಲಾಯಿಸಿ. ವಾರದಲ್ಲಿ ಸರಿಹೋಗದಿದ್ದರೆ ಒಳಗಿನ ಸೋಂಕು ಅಥವಾ ಹುಟ್ಟು ದೋಷ ಇರಬಹುದು.

ಗುದದ್ವಾರದಿಂದ ಕೆಂಪು ದಾರ ನೇತಾಡುತ್ತಿದೆ.

ಹಿಕ್ಕೆ ಅಂತ ಬಿಡಬೇಡಿ. ಮೀನು ಅಲುಗಾಡದೆ ನಿಂತಾಗ ಎರಡು ಮೂರು ಸಣ್ಣ ಕೆಂಪು ತುದಿಗಳು ಹೊರಬಂದು, ಈಜಿದ ಕೂಡಲೇ ಒಳಗೆ ಎಳೆದುಕೊಂಡರೆ ಅದು ಕ್ಯಾಮಲ್ಲಾನಸ್ ಹುಳು. ಗಪ್ಪಿಗಳಲ್ಲಿ ಸಾಮಾನ್ಯ. ಲೆವಮಿಸೋಲ್ ಕೆಲಸ ಮಾಡುತ್ತದೆ. ಇಡೀ ಟ್ಯಾಂಕಿಗೆ ಕೊಡಬೇಕು, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ.

ಔಷಧಿ ಹಾಕುವಾಗ ಯಾವ ತಪ್ಪು ಆಗುತ್ತದೆ?

ನೀರಿನ ಲೆಕ್ಕ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 35 ಇದ್ದರೆ 63 ಲೀಟರ್. ಆದರೆ ಎತ್ತರ ಅಂದರೆ ಗಾಜಿನ ಎತ್ತರವಲ್ಲ, ನೀರು ನಿಂತಿರುವ ಎತ್ತರ. ಮೇಲೆ 5 ಸೆಂಟಿಮೀಟರ್ ಖಾಲಿ ಬಿಟ್ಟಿದ್ದರೆ 54. ಮರಳು, ಕಲ್ಲು ಕಳೆದರೆ 50ರ ಆಸುಪಾಸು. 63ರ ಲೆಕ್ಕದಲ್ಲಿ ಹಾಕಿದರೆ ಕಾಲುಭಾಗ ಜಾಸ್ತಿಯಾಯಿತು ಅಲ್ವಾ?

ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಅದು ಔಷಧಿಯನ್ನೇ ಹೀರಿಬಿಡುತ್ತದೆ. ಎರಡು ಔಷಧಿ ಒಟ್ಟಿಗೆ ಬೇಡ. ಹುರುಪೆ ಇಲ್ಲದ ಮೀನುಗಳಿಗೆ ಔಷಧಿ ಬೇಗ ಹೆಚ್ಚಾಗುತ್ತದೆ, ಅವುಗಳ ಪ್ರಮಾಣವನ್ನು ಬಾಟಲಿಯ ಮೇಲೆ ಓದಿ ನೋಡಿ. ಹಾಗೇ ಉಪ್ಪೂ ಒಂದು ಔಷಧಿಯೇ. ದಿನನಿತ್ಯ ಹಾಕುವುದಲ್ಲ, ಮತ್ತು ತುಂಬಾ ಗಿಡಗಳಿಗೆ ಅದು ಆಗಿಬರುವುದಿಲ್ಲ.

ನೀರು ಬೆಳ್ಳಗೆ, ಹಸಿರು, ಕಂದು ಆಗುತ್ತದೆ. ಯಾವುದು ಅಪಾಯ?

ಹೊಸ ಟ್ಯಾಂಕಿನಲ್ಲಿ ಹಾಲಿನ ಹಾಗೆ ಮಬ್ಬಾದರೆ ತೇಲುವ ಬ್ಯಾಕ್ಟೀರಿಯಾ, ಕೆಲವೇ ದಿನದಲ್ಲಿ ತಾನಾಗಿ ಇಳಿಯುತ್ತದೆ. ಹಸಿರಾದರೆ ಪಾಚಿ, ಬೆಳಕು ಕಡಿಮೆ ಮಾಡಿ. ತಿಳಿ ಕಂದಾದರೆ ಮರದ ದಿಮ್ಮಿಯಿಂದ ಬಿಟ್ಟ ಬಣ್ಣ, ಅದರಿಂದ ತೊಂದರೆ ಇಲ್ಲ. ಹಳೇ ಟ್ಯಾಂಕ್ ಇದ್ದಕ್ಕಿದ್ದಂತೆ ಮಬ್ಬಾಗಿ ವಾಸನೆ ಬಂದರೆ ಮಾತ್ರ ಎಲ್ಲೋ ಮೀನು ಸತ್ತು ಕೊಳೆಯುತ್ತಿದೆ, ಕಲ್ಲಿನ ಹಿಂದೆ ಹುಡುಕಿ.

ಕಾಯಿಲೆಯ ಹಾಗೆ ಕಂಡರೂ ಕಾಯಿಲೆ ಅಲ್ಲದ್ದು ಏನೇನು?

ಬೆಟ್ಟಾ, ಗೌರಾಮಿ ಮೇಲೆ ಬಂದು ಗಾಳಿ ಕುಡಿಯುತ್ತವೆ, ಅವುಗಳ ಹುಟ್ಟು ಗುಣ ಅದು. ಕೋರಿಡೋರಸ್ ಆಗಾಗ ಸರ್ರನೆ ಮೇಲೆ ಹೋಗಿ ಒಂದು ಗುಟುಕು ಗಾಳಿ ತೆಗೆದುಕೊಂಡು ಬರುತ್ತದೆ. ನಿಯಾನ್ ಟೆಟ್ರಾದ ಬಣ್ಣ ರಾತ್ರಿ ಮಾಸುತ್ತದೆ. ಬೆಳಗ್ಗೆ ದೀಪ ಹಾಕಿದ ಕೂಡಲೇ ಮೀನನ್ನು ನೋಡಿ ಗಾಬರಿಯಾಗಬೇಡಿ, ಅರ್ಧ ಗಂಟೆ ಬಿಡಿ.

ಹೊಸ ಮೀನನ್ನು ನೇರವಾಗಿ ಬಿಡಬಹುದಾ?

ಬೇಡ. ಮೊದಲು ಬೇರೆಯಾಗಿ ಇಡಿ: ಒಂದು ಸಣ್ಣ ಟ್ಯಾಂಕ್, ಒಂದು ಸ್ಪಾಂಜ್ ಫಿಲ್ಟರ್, 4 ವಾರ. ಬಲೆ, ಪೈಪ್ ಕೂಡ ಬೇರೆಯೇ ಇರಲಿ.

ಮೀನಿನಿಂದ ನಮಗೆ ರೋಗ ಬರುತ್ತದಾ?

ಅಪರೂಪ, ಆದರೆ ಬರುತ್ತದೆ. ಮೈಕೋಬ್ಯಾಕ್ಟೀರಿಯಂ ಮರೈನಂ ಅನ್ನುವ ಬ್ಯಾಕ್ಟೀರಿಯಾ ಕೈಯ ಗಾಯದಿಂದ ಒಳಹೋಗಿ, ಕೆಲವು ವಾರಗಳ ನಂತರ ಗಂಟು ಅಥವಾ ಆರದ ಹುಣ್ಣು ಆಗುತ್ತದೆ. ಗಾಯವಿದ್ದರೆ ಕೈಗವಸು ಹಾಕಿ. ನೀರೆಳೆಯುವ ಪೈಪಿಗೆ ಬಾಯಿ ಹಾಕಬೇಡಿ. ಕೈಮೇಲಿನ ಗಂಟು ವಾಸಿಯಾಗದೆ ವೈದ್ಯರ ಹತ್ತಿರ ಹೋದರೆ, ಮನೆಯಲ್ಲಿ ಅಕ್ವೇರಿಯಂ ಇದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳದೇ ಇರಬಹುದು.

ಒಂದು ಮೀನು ಸತ್ತಿದೆ. ಉಳಿದವನ್ನು ಉಳಿಸಲು ಏನು ನೋಡಬೇಕು?

ಕೂಡಲೇ ಹೊರತೆಗೆಯಿರಿ. ಬಿಸಾಡುವ ಮುಂಚೆ ಬಿಳಿ ತಟ್ಟೆಯಲ್ಲಿಟ್ಟು ಒಳ್ಳೆಯ ಬೆಳಕಿನಲ್ಲಿ ನೋಡಿ. ಕಿವಿರಿನ ಮುಚ್ಚಳ ಎತ್ತಿ ಬಣ್ಣ ನೋಡಿ: ಕಂದು ಇದ್ದರೆ ನೈಟ್ರೈಟ್, ಲೋಳೆ ಜಾಸ್ತಿ ಇದ್ದರೆ ಕಿವಿರಿನ ಪರೋಪಜೀವಿ ಅಥವಾ ಅಮೋನಿಯಾ ಸುಟ್ಟಿರುವುದು. ಸತ್ತು ತುಂಬಾ ಹೊತ್ತಾಗಿದ್ದರೆ ಕಿವಿರು ಹೇಗಿದ್ದರೂ ಬಿಳಿಚಿಕೊಳ್ಳುತ್ತದೆ, ಆಗ ಅದನ್ನು ನಂಬಬೇಡಿ. ಹೊಟ್ಟೆ ಒಳಗೆ ಸೇರಿಕೊಂಡಿದೆಯಾ, ಉಬ್ಬಿದೆಯಾ, ಕಣ್ಣು ಹೊರಬಂದಿದೆಯಾ ನೋಡಿ. ಎರಡೂ ಬದಿಯಿಂದ ಫೋಟೋ ತೆಗೆಯಿರಿ. ಅದೇ ಹೊತ್ತಿಗೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್, ನೀರಿನ ಬಿಸಿ, ಇವಿಷ್ಟನ್ನು ತಾರೀಖಿನ ಜೊತೆ ಒಂದು ಪುಸ್ತಕದಲ್ಲಿ ಬರೆಯಿರಿ. ಮುಂದೆ ಯಾರನ್ನೇ ಸಹಾಯ ಕೇಳಿದರೂ ಅವರು ಮೊದಲು ಕೇಳುವುದು ಆ ಐದು ಅಂಕಿಗಳನ್ನೇ.